ಒಂದು ಚೊಂಬು ನೀರಿನ ಪರೀಕ್ಷೆ: ಹಳೆ ಬಂಗಲೆಯ ಅಂಗಡಿಯಿಂದ ತಂದ ಬೀಡಿನ ಬೆಂಚು, ಕಲ್ಲುಬಾನಿ ಮತ್ತು ತಗಡಿನ ಕ್ಯಾನು

ತಂದದ್ದು ಮೂರು ಸಾಮಾನು. ಎರಡು ಬೀಡುಕಬ್ಬಿಣದ ಪಕ್ಕಗಳ ನಡುವೆ ಕೊಳೆತ ಮರದ ಪಟ್ಟಿಗಳಿದ್ದ ಐದಡಿ ಉದ್ದದ ತೋಟದ ಬೆಂಚು. ದನಗಳಿಗೆ ನೀರಿಡುತ್ತಿದ್ದ ಕಲ್ಲುಬಾನಿ, ಅದರ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಬುಡ ಸೋರುವ ಸತುವಿನ ತಗಡಿನ ನೀರೆರೆಯುವ ಕ್ಯಾನು. ಬೆಂಗಳೂರಿನ ದಂಡು ಪ್ರದೇಶದ ಕಡೆಯ ಹಳೆ ಮಂಕಿ ಟಾಪ್ (ಕಿಟಕಿಯ ಮೇಲೆ ಮುಂದಕ್ಕೆ ಬಾಗಿದ ಮರದ ಪಟ್ಟಿಗಳ ಸೂರು) ಬಂಗಲೆಯೊಂದರಲ್ಲಿ ಹಳೆ ಸಾಮಾನು ಮತ್ತು ತೋಟದ ಸಾಮಾನು ಎರಡನ್ನೂ ಮಾರುವ ಅಂಗಡಿಯ ಮಾಲು ಇವು. ಮೂರಕ್ಕೂ ರೋಗ ಒಂದೇ: ನೀರು ಹರಿದುಹೋಗಬೇಕಾದ ಕಡೆ ನಿಂತಿದೆ, ನಿಲ್ಲಬೇಕಾದ ಕಡೆ ಸೋರಿದೆ. ಆದ್ದರಿಂದ ದುರಸ್ತಿಯ ಪ್ರತಿ ಹಂತದಲ್ಲೂ ಕೇಳಿಕೊಂಡ ಪ್ರಶ್ನೆ ಇದೊಂದೇ: ಇಲ್ಲಿ ನೀರು ಬಿದ್ದರೆ ಎಲ್ಲಿಗೆ ಹೋಗುತ್ತದೆ?

ಅಂಗಡಿಯಲ್ಲಿ: ಹಿತ್ತಲಿನಿಂದ ಶುರು ಮಾಡಿ

ಇಂಥ ಅಂಗಡಿಗಳಲ್ಲಿ ಮುಂದಿನ ಹಾಲಿನಲ್ಲಿರುವುದು ಎಣ್ಣೆ ಸವರಿ, ಬಣ್ಣ ಬಳಿದು, ಬೆಳಕು ಬಿಟ್ಟು ಜೋಡಿಸಿದ ಮಾಲು. ತೋಟಕ್ಕೆ ಬೇಕಾದದ್ದನ್ನು ಅಲ್ಲಿ ಆರಿಸಬೇಡಿ. ನೇರ ಹಿತ್ತಲಿಗೆ ಹೋಗಿ. ಅಲ್ಲಿ ಬಿಸಿಲು ಮಳೆಗೆ ಬಿದ್ದಿರುವ ಸಾಮಾನಿನ ದೋಷವನ್ನು ಮಳೆಯೇ ಎತ್ತಿ ತೋರಿಸಿರುತ್ತದೆ. ತುಕ್ಕಿನ ನೀರು ಇಳಿದ ಗೆರೆ, ಪಾಚಿ ಕಟ್ಟಿದ ಮಟ್ಟ, ಮರ ಮೆತ್ತಗಾದ ತುದಿ, ಎಲ್ಲವೂ ಕಣ್ಣಿಗೆ ಬೀಳುತ್ತವೆ. ಮಳೆ ನಿಂತ ಮರುದಿನ ಬೆಳಿಗ್ಗೆ ಹೋದರೆ ಇನ್ನೂ ಒಳ್ಳೆಯದು.

ಬಂಗಲೆಯನ್ನೂ ಒಂದು ಸುತ್ತು ನೋಡಿ, ಅದೇ ಒಂದು ಪಾಠ. ಕಿಟಕಿಯ ಮೇಲೆ ಮುಂದಕ್ಕೆ ಬಾಗಿ ನಿಂತ ಮಂಕಿ ಟಾಪಿನ ಮರದ ಪಟ್ಟಿಗಳ ಕೆಳತುದಿ ಚೂಪಾಗಿರುತ್ತದೆ. ಚೆಲುವಿಗೆ ಮಾಡಿದಂತೆ ಕಂಡರೂ, ಚೂಪು ತುದಿಯಲ್ಲಿ ನೀರು ಹನಿಗಟ್ಟಿ ಬೇಗ ಉದುರುತ್ತದೆ. ನೇರವಾಗಿ ಕತ್ತರಿಸಿದ ತುದಿಯಲ್ಲಾದರೆ ಅದೇ ನೀರು ನಿಂತು ಮರದೊಳಗೆ ಏರುತ್ತದೆ. ನೂರು ವರ್ಷ ಬಾಳಿದ ಮರಗೆಲಸ ಎಲ್ಲೇ ಕಂಡರೂ ಅದರ ಹಿಂದೆ ನೀರಿಗೆ ದಾರಿ ಮಾಡಿಕೊಟ್ಟ ಬಡಗಿಯೊಬ್ಬನಿದ್ದಾನೆ.

ಬೆಂಚು ಕೊಳ್ಳುವಾಗ ಜೇಬಿನಲ್ಲಿ ಇರಬೇಕಾದವು ನಾಲ್ಕು: ಸಣ್ಣ ಆಯಸ್ಕಾಂತ, ಸೀಮೆಸುಣ್ಣ, ಟಾರ್ಚು, ಟೇಪು. ಈಗ ಮಾರುವ ‘ಹಳೆ ಮಾದರಿ’ ಬೆಂಚುಗಳಲ್ಲಿ ಅಲ್ಯೂಮಿನಿಯಂ ಎರಕದವೇ ಹೆಚ್ಚು, ಅದಕ್ಕೆ ಆಯಸ್ಕಾಂತ ಅಂಟುವುದಿಲ್ಲ. ತೂಕದಲ್ಲೂ ತಿಳಿಯುತ್ತದೆ, ಅಷ್ಟೇ ಗಾತ್ರದ ಬೀಡು ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ. ಬಿರುಕಿಲ್ಲದ ಬೀಡು ಗಂಟೆಯಂತೆ ಮಿಡಿಯುತ್ತದೆ, ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ನಕ್ಷತ್ರದಂಥ ತಲೆಯ ಫಿಲಿಪ್ಸ್ ಸ್ಕ್ರೂ ಕಂಡರೆ ಅದು 1930ರ ದಶಕದ ನಂತರದ್ದು, ಅಥವಾ ಆಮೇಲೆ ಯಾರೋ ಬಿಚ್ಚಿ ಕೂಡಿಸಿದ್ದು.

ಬ್ರಿಟನ್ನಿನಲ್ಲಿ ಎರಕವಾದ ಬೆಂಚಾದರೆ ಹಿಂಬದಿಯಲ್ಲಿ ವಜ್ರಾಕಾರದ ಸಣ್ಣ ಗುರುತು ಇರಬಹುದು. 1842ರಿಂದ 1883ರವರೆಗೆ ಅಲ್ಲಿ ವಿನ್ಯಾಸ ನೋಂದಣಿಗೆ ಈ ಗುರುತು ಹಾಕುತ್ತಿದ್ದರು; 1884ರಿಂದ ಅದರ ಬದಲು ನೋಂದಣಿ ಸಂಖ್ಯೆ ಬಂತು. ಅದು ವಿನ್ಯಾಸ ನೋಂದಾಯಿಸಿದ ದಿನವನ್ನು ಹೇಳುತ್ತದೆ, ಈ ಬೆಂಚು ಎರಕವಾದ ದಿನವನ್ನಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು. ಹಳೆ ಬೆಂಚನ್ನೇ ಅಚ್ಚಾಗಿಟ್ಟು ನಕಲು ಎರಕ ತೆಗೆದರೆ ಗುರುತೂ ನಕಲಾಗುತ್ತದೆ. ಬೀಡು ತಣಿಯುವಾಗ ಸುಮಾರು ಶೇ. 1ರಷ್ಟು ಕುಗ್ಗುವುದರಿಂದ ನಕಲು ಮೂಲಕ್ಕಿಂತ ಕೂದಲಷ್ಟು ಚಿಕ್ಕದು, ಅದರ ಎಲೆಬಳ್ಳಿಯ ಅಂಚು ಮೊಂಡು. ಮೂಲ ಎರಕದ ಅಂಚು ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗಬೇಕಾದರೆ ಲಾಲ್‌ಬಾಗಿನ ಗಾಜಿನಮನೆಯ ಕಂಬಗಳ ಬಳಿ ಒಂದರ್ಧ ಗಂಟೆ ನಿಲ್ಲಿ. 1889ರಲ್ಲಿ ಶುರುವಾದ ಆ ಕಟ್ಟಡದ ಎರಕ ಗ್ಲಾಸ್ಗೋದ ಮ್ಯಾಕ್‌ಫಾರ್ಲೇನ್ ಕಾರ್ಖಾನೆಯಿಂದ ಬಂದದ್ದು. ನಾವು ತಂದ ಬೆಂಚಿನಲ್ಲಿ ಗುರುತೇನೂ ಇಲ್ಲ, ಇಲ್ಲದಿದ್ದರೆ ನಷ್ಟವೂ ಇಲ್ಲ.

ಕಲ್ಲಿನ ಸಾಮಾನಿನ ಬಗ್ಗೆ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಬಾನಿ, ಒರಳು, ಬೀಸುಕಲ್ಲು, ಕಂಬದ ಪೀಠದಂಥ ಗೃಹೋಪಯೋಗಿ ಕಲ್ಲು ಬೇರೆ. ವೀರಗಲ್ಲು, ಮಾಸ್ತಿಕಲ್ಲು, ನಾಗರಕಲ್ಲು, ಶಾಸನ, ವಿಗ್ರಹ ಬೇರೆ. ಎರಡನೆಯ ಬಗೆಯದನ್ನು ತೋಟದ ಅಲಂಕಾರಕ್ಕೆಂದು ಯಾರು ತೋರಿಸಿದರೂ ಕೊಳ್ಳಬೇಡಿ. ಅದು ಯಾವುದೋ ಊರಿನ ಬಯಲಿನಿಂದ ಎದ್ದು ಬಂದದ್ದು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪುರಾತನ ವಸ್ತು. ಅದನ್ನು ಮಾರುವವರಿಗೆ ಪರವಾನಗಿ ಬೇಕು, ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ನೆಲದಿಂದ ಕಿತ್ತ ಕಲ್ಲು ತನ್ನ ಅರ್ಧ ಅರ್ಥವನ್ನು ಅಲ್ಲೇ ಬಿಟ್ಟು ಬರುತ್ತದೆ.

ಬೆಂಚು: ಬಿಚ್ಚುವ ಕೆಲಸ

ಬಿಚ್ಚುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಬೆಂಚನ್ನು ಸಮನೆಲದಲ್ಲಿಟ್ಟು ಒಂದು ಚೊಂಬು ನೀರನ್ನು ಬೆನ್ನಿನ ಮೇಲಿಂದ ನಿಧಾನವಾಗಿ ಸುರಿಯಿರಿ. ಹತ್ತು ನಿಮಿಷ ಬಿಟ್ಟು, ನೀರು ಎಲ್ಲೆಲ್ಲಿ ನಿಂತಿದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ ಫೋಟೋ ತೆಗೆಯಿರಿ. ಈ ಬೆಂಚಿನಲ್ಲಿ ಒಟ್ಟು 9 ಜಾಗ ಸಿಕ್ಕವು. ಎರಡೂ ಪಕ್ಕಗಳ ಎಲೆ ಅಲಂಕಾರದ ಹಿಂದೆ ಬಟ್ಟಲಿನಂಥ ಮೂರು ಮೂರು ಗುಳಿ, ಕೂರುವ ಪಟ್ಟಿಗಳು ಕುಳಿತುಕೊಳ್ಳುವ ಕಿವಿಗಳ ಮೇಲೆ ಎರಡು, ಎರಡು ಪಕ್ಕಗಳನ್ನು ಜೋಡಿಸಿ ಹಿಡಿಯುವ ಮಧ್ಯದ ಕಂಬಿ, ಅಂದರೆ ಟೈ ರಾಡ್, ಒಂದು ಪಕ್ಕವನ್ನು ಸೇರುವ ಕಡೆ ಒಂದು. ಆಮೇಲೆ ಬಣ್ಣ ಕೆತ್ತಿ ನೋಡಿದಾಗ ಆಳವಾದ ತುಕ್ಕು ಇದ್ದದ್ದು ಈ ಒಂಬತ್ತರಲ್ಲೇ. ಬೇರೆಡೆ ಮೇಲ್ಮೈ ತುಕ್ಕು ಮಾತ್ರ.

ಹಳೆ ನಟ್ಟು ಬೋಲ್ಟುಗಳು ಮೆಟ್ರಿಕ್ ಅಲ್ಲ. ಟೈ ರಾಡ್ ಅರ್ಧ ಇಂಚಿನ ವಿಟ್ವರ್ತ್ (ಹಳೆ ಬ್ರಿಟಿಷ್ ಎಳೆ ಪದ್ಧತಿ), ಇಂಚಿಗೆ 12 ಎಳೆ. ಕಳೆದುಹೋದ ನಟ್ಟಿಗೆ ಬದಲು ತರುವಾಗ ಎಡವುವುದು ಇಲ್ಲೇ. ಅಂಗಡಿಯವರು ಕೊಡುವ ಅರ್ಧ ಇಂಚಿನ ಯುಎನ್‌ಸಿ (ಅಮೆರಿಕದ ಎಳೆ ಪದ್ಧತಿ) ನಟ್ಟಿಗೆ ಇಂಚಿಗೆ 13 ಎಳೆ. ಉಳಿದ ಸಾಮಾನ್ಯ ಅಳತೆಗಳಲ್ಲಿ ಈ ಎರಡು ಪದ್ಧತಿಗಳ ಎಳೆ ಲೆಕ್ಕ ಒಂದೇ ಇರುವುದರಿಂದ ಇದೂ ಹೊಂದುತ್ತದೆ ಎಂದುಕೊಳ್ಳುತ್ತಾರೆ. ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅಲ್ಲಿ ಸ್ಪ್ಯಾನರ್ ಒತ್ತಿದರೆ ಎಳೆ ಹೋಯಿತು. ಎಳೆ ಅಳೆಯುವ ಗೇಜು ಇಲ್ಲದಿದ್ದರೆ ಕಾಗದವನ್ನು ಎಳೆಯ ಮೇಲೆ ಒತ್ತಿ, ಒಂದಿಂಚಿನಲ್ಲಿ ಎಷ್ಟು ಗೆರೆ ಬಿದ್ದವು ಎಂದು ಎಣಿಸಿ.

ಬೀಡುಕಬ್ಬಿಣದಲ್ಲಿ ಇಂಗಾಲ ಶೇ. 2ರಿಂದ 4ರವರೆಗೆ ಇರುತ್ತದೆ, ಅದರ ಬಹುಪಾಲು ಗ್ರಾಫೈಟಿನ ತೆಳು ಹಾಳೆಗಳಾಗಿ. ಒತ್ತಿದರೆ ತಡೆಯುತ್ತದೆ, ಎಳೆದರೆ ಅಥವಾ ಬಡಿದರೆ ಬಾಗದೆ ಮುರಿಯುತ್ತದೆ. ಆದ್ದರಿಂದ ಹಿಡಿದ ಬೋಲ್ಟಿಗೆ ಸುತ್ತಿಗೆ ಏಟು ಕೂಡದು, ಬಲವಾಗಿ ತಿರುಚುವುದೂ ಕೂಡದು. ತುಕ್ಕು ಸಡಿಲಿಸುವ ಎಣ್ಣೆಯನ್ನು ಬೆಳಿಗ್ಗೆ ಸಂಜೆ ಎರಡು ದಿನ ಹಾಕಿದೆವು. 20ರಲ್ಲಿ 8 ಬೋಲ್ಟು ಬಿಚ್ಚಿಕೊಂಡವು. ಇನ್ನೂ 5ಕ್ಕೆ ಬ್ಲೋ ಟಾರ್ಚಿನಿಂದ ನಟ್ಟನ್ನು ಮಾತ್ರ ಬಿಸಿ ಮಾಡಿ, ಬಿಸಿಯಿರುವಾಗಲೇ ಮೇಣದಬತ್ತಿ ತಾಗಿಸಿ, ಕರಗಿದ ಮೇಣ ಎಳೆಯೊಳಗೆ ಇಳಿದ ಮೇಲೆ ಆರಲು ಬಿಟ್ಟು ತಿರುಗಿಸಿದಾಗ ಬಂದವು. ಉಳಿದ 7ನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು, ಮುಂಡವನ್ನು ಡ್ರಿಲ್ ಮಾಡಿ ತೆಗೆಯಬೇಕಾಯಿತು. ಮೊದಲು 3 ಮಿ.ಮೀ., ಆಮೇಲೆ 5, ಕೊನೆಗೆ 7. ನೇರ ದೊಡ್ಡ ಡ್ರಿಲ್ ಬಿಟ್ ಹಾಕಿದರೆ ಅದು ಗಟ್ಟಿ ಬೋಲ್ಟನ್ನು ಬಿಟ್ಟು ಪಕ್ಕದ ಬೀಡಿನ ಕಡೆ ಜಾರುತ್ತದೆ.

ಹಳೆ ಬಣ್ಣ, ಅದರೊಳಗಿನ ಸೀಸ

ಇಂಥ ಬೆಂಚಿನ ಮೇಲೆ ಐದಾರು ಪದರ ಬಣ್ಣವಿರುತ್ತದೆ. ಒಳಪದರಗಳಲ್ಲಿ ಸೀಸ ಇದೆ ಎಂದೇ ಭಾವಿಸಿ ಕೆಲಸ ಮಾಡಬೇಕು. ನಮ್ಮಲ್ಲಿ ಮನೆಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಆದ್ದರಿಂದ ಒಣ ಉಪ್ಪುಕಾಗದ ಬೇಡ, ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಧೂಳೆಬ್ಬಿಸುವುದಂತೂ ಬೇಡವೇ ಬೇಡ. ಟಾರ್ಚಿನಿಂದ ಬಣ್ಣ ಸುಟ್ಟರೆ ಸೀಸ ಹೊಗೆಯಲ್ಲಿ ಬರುತ್ತದೆ. ಬೋಲ್ಟು ಬಿಸಿ ಮಾಡುವಾಗಲೂ ಸುತ್ತಲ ಎರಡಿಂಚು ಬಣ್ಣವನ್ನು ಮೊದಲೇ ಕೆರೆದಿರಬೇಕು.

ಜೆಲ್ಲಿನಂತಿರುವ ಪೇಂಟ್ ರಿಮೂವರನ್ನು ದಪ್ಪಗೆ ಸವರಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮುಕ್ಕಾಲು ಗಂಟೆ ಬಿಟ್ಟೆವು. ಹಾಳೆ ಹೊದಿಸದಿದ್ದರೆ ರಿಮೂವರು ಹತ್ತು ನಿಮಿಷಕ್ಕೇ ಒಣಗುತ್ತದೆ, ಅರ್ಧ ಪದರವೂ ಏಳುವುದಿಲ್ಲ. ಎದ್ದ ಬಣ್ಣವನ್ನು ಕೆರೆದು, ಸಂದಿಗಳನ್ನು ನೀರು ಚಿಮುಕಿಸುತ್ತಾ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿದ್ದು. ಎರಡು ಪಕ್ಕಗಳಿಗೆ ಒಂದೂವರೆ ಲೀಟರ್ ಬೇಕಾಯಿತು. ಕೆರೆದದ್ದನ್ನೆಲ್ಲ ಟಾರ್ಪಾಲಿನ ಮೇಲೆ ಕೂಡಿಸಿ, ಡಬ್ಬಿಯಲ್ಲಿ ಮುಚ್ಚಿ ಅಪಾಯಕಾರಿ ಕಸವಾಗಿ ಬೇರೆಯೇ ಕೊಡಬೇಕು. ಬಣ್ಣ ಕೆರೆದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿದರೆ ಸೀಸ ಆ ಮಣ್ಣಿನಲ್ಲೇ ಉಳಿಯುತ್ತದೆ. ಅದೇ ಮಣ್ಣಿನಲ್ಲಿ ನಾಳೆ ಸೊಪ್ಪು ಬೆಳೆಯುತ್ತೀರಿ.

ಟೈ ರಾಡ್, ವಾಷರು, ಹಳೆ ನಟ್ಟುಗಳಿಗೆ ವಿದ್ಯುತ್ತಿನ ದಾರಿ ಹಿಡಿದೆವು. 20 ಲೀಟರ್ ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ನಾಲ್ಕು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ತುಕ್ಕಿನ ಸಾಮಾನಿಗೆ ಮೈನಸ್, ಬದಿಗೆ ನಿಲ್ಲಿಸಿದ ಗುಜರಿ ಕಬ್ಬಿಣದ ಪಟ್ಟಿಗೆ ಪ್ಲಸ್. ಅದಲುಬದಲಾದರೆ ನಿಮ್ಮ ನಟ್ಟೇ ಕರಗುತ್ತದೆ. ಪ್ಲಸ್ ಕಡೆ ಸ್ಟೇನ್‌ಲೆಸ್ ಹಾಕಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಬಿಡುತ್ತದೆ. ಬರುವ ಗುಳ್ಳೆ ಹೈಡ್ರೋಜನ್, ಹಾಗಾಗಿ ಕೆಲಸ ಬಯಲಿನಲ್ಲೇ ಆಗಬೇಕು. ಟೈ ರಾಡ್ ಬಕೆಟ್ಟಿಗಿಂತ ಉದ್ದ. ಅದರ ಎರಡು ತುದಿಗಳನ್ನು ಒಂದಾದ ಮೇಲೊಂದು ಅದ್ದಿದರೆ ಸಾಕು, ಎಳೆ ಇರುವುದು ಅಲ್ಲಿಯೇ. ಆರು ಗಂಟೆಯಲ್ಲಿ ತುಕ್ಕು ಕಪ್ಪು ಮಸಿಯಾಗಿ ಬ್ರಷ್ಷಿಗೇ ಬಂತು.

ಬಿರುಕು

ಎಡಪಕ್ಕದಲ್ಲಿ ಕೂರುವ ಪಟ್ಟಿಯ ಒಂದು ಕಿವಿ ಬುಡದಲ್ಲಿ ಸೀಳಿತ್ತು. ಯಾರೋ ಬೀಳಿಸಿದ್ದರಿಂದ ಆದದ್ದಲ್ಲ. ಬೋಲ್ಟಿನ ತೂತಿನಲ್ಲಿ ನೀರು ನಿಂತು ಹುಟ್ಟಿದ ತುಕ್ಕು, ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಒಳಗಿನಿಂದ ಬೆಣೆ ಹೊಡೆದಂತೆ ಕಿವಿಯನ್ನು ಅಗಲಿಸಿದೆ. ಕಾರಣ ಬಿಟ್ಟು ಬಿರುಕನ್ನಷ್ಟೇ ಬೆಸೆದರೆ ನಾಲ್ಕು ಮಳೆಗಾಲದಲ್ಲಿ ಪಕ್ಕದಲ್ಲೇ ಮತ್ತೊಂದು ಸೀಳು ಬರುತ್ತದೆ.

ಬಿರುಕು ಎಲ್ಲಿಯವರೆಗೆ ಹೋಗಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಡೀಸೆಲ್ ಸವರಿ, ಹತ್ತು ನಿಮಿಷ ಬಿಟ್ಟು, ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಒಳಗಿಳಿದ ಡೀಸೆಲ್ ಮೇಲೆ ಬಂದು ಸುಣ್ಣದಲ್ಲಿ ಗೆರೆ ಎಳೆಯುತ್ತದೆ. ಕಣ್ಣಿಗೆ 18 ಮಿ.ಮೀ. ಕಂಡದ್ದು ಹೀಗೆ ನೋಡಿದಾಗ 31 ಮಿ.ಮೀ. ಇತ್ತು.

ಬೀದಿ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಸಾಮಾನ್ಯ ಕಡ್ಡಿಯಿಂದ ಬೆಸೆಸಬೇಡಿ. ಮೈಲ್ಡ್ ಸ್ಟೀಲಿನ ಕಡ್ಡಿ ಬೀಡಿನ ಇಂಗಾಲವನ್ನು ಹೀರಿ ಗಾಜಿನಂತೆ ಗಡುಸಾಗುತ್ತದೆ, ತಣಿಯುವಾಗ ಬೆಸುಗೆಯ ಪಕ್ಕದಲ್ಲೇ ಹೊಸ ಸೀಳು ಕೊಡುತ್ತದೆ. ದಾರಿ ಎರಡಿವೆ: ನಿಕ್ಕಲ್ ಕಡ್ಡಿಯ ವೆಲ್ಡಿಂಗ್, ಅಥವಾ ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ. ತೋಟದ ಬೆಂಚಿಗೆ ಹಿತ್ತಾಳೆಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಹಿತ್ತಾಳೆ ಕಡ್ಡಿ ಸುಮಾರು 900 ಡಿಗ್ರಿಗೆ ಕರಗುತ್ತದೆ. ಬೀಡು ಕರಗುವುದೇ ಇಲ್ಲ, ಆದ್ದರಿಂದ ಅದರ ಗುಣ ಕೆಡುವುದು ಕಡಿಮೆ. ಬೆಸುಗೆ ಮೆತ್ತಗಿರುವುದರಿಂದ ಎಳೆತವನ್ನು ಸ್ವಲ್ಪ ನುಂಗಿಕೊಳ್ಳುತ್ತದೆ. ಮುಂದೆ ಯಾರಿಗಾದರೂ ಬಿಚ್ಚಬೇಕಾದರೆ ಬಿಸಿ ಮಾಡಿ ಬಿಚ್ಚಲೂಬಹುದು.

ಬಿರುಕಿನ ತುದಿಯಲ್ಲಿ 3 ಮಿ.ಮೀ. ತೂತು, ಅದು ಮುಂದೆ ಓಡದಂತೆ. ದಪ್ಪದ ಮೂರನೇ ಎರಡು ಭಾಗದಷ್ಟು ಆಳಕ್ಕೆ ವಿ ಆಕಾರದ ಗಾಡಿ, ಅಂದರೆ ತೋಡು. ಗಾಡಿಯನ್ನು ಗ್ರೈಂಡರಿನಲ್ಲಿ ತೆಗೆದರೂ ಕೊನೆಯ ಕೈ ಅರದ್ದೇ ಆಗಬೇಕು. ಗ್ರೈಂಡರು ಗ್ರಾಫೈಟನ್ನು ಮೇಲ್ಮೈಗೆ ಬಳಿದುಬಿಡುತ್ತದೆ, ಆ ಮಸಿಯ ಮೇಲೆ ಹಿತ್ತಾಳೆ ಹರಿಯದೆ ಮುತ್ತುಗಟ್ಟಿ ಉರುಳುತ್ತದೆ. ಕಿವಿಯ ಸುತ್ತ ಒಂದು ಗೇಣು ಜಾಗವನ್ನು ನಿಧಾನವಾಗಿ 250-300 ಡಿಗ್ರಿಗೆ ಬಿಸಿ ಮಾಡಿ, ಬಿಳಿಗಾರ ಚಿಮುಕಿಸಿ, ಬೆಸುಗೆ ಹಾಕಿಸಿದ್ದು. ಆಮೇಲಿನದೇ ಮುಖ್ಯ. ಪಕ್ಕವನ್ನು ಹಾಗೇ ಗಾಳಿಗೆ ಬಿಡದೆ, ಒಣ ಬೂದಿ ತುಂಬಿದ ಡಬ್ಬದೊಳಗೆ ಆ ಭಾಗವನ್ನು ಹೂತು ರಾತ್ರಿಯಿಡೀ ಬಿಡಬೇಕು. ಆರುವಾಗ ‘ಟಿಕ್’ ಎಂಬ ಸದ್ದು ಬಂದರೆ ಹೊಸ ಬಿರುಕು ಹುಟ್ಟಿತೆಂದೇ ಅರ್ಥ. ಬೆಳಿಗ್ಗೆ ಮತ್ತೆ ಡೀಸೆಲ್-ಸುಣ್ಣದ ಪರೀಕ್ಷೆ ಮಾಡಿದೆವು; ಗೆರೆ ಮೂಡಲಿಲ್ಲ.

ಗುಳಿ ತುಂಬುವುದು, ಬಣ್ಣ

ಎಲೆ ಅಲಂಕಾರದ ಹಿಂದಿನ ಆರು ಗುಳಿಗಳಿಗೆ ತಳದಲ್ಲಿ ತೂತು ಕೊರೆಯಬಹುದು ಎಂದು ಅನ್ನಿಸುತ್ತದೆ. ಕೊರೆಯಬೇಡಿ. ಎರಕದ ತೆಳು ಜಾಗ ಅದು, ಸಣ್ಣ ತೂತು ಎಲೆ ಕಸದಿಂದ ಒಂದೇ ತಿಂಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅದರ ಬದಲು ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿಯಿಂದ ಗುಳಿ ತುಂಬಿ, ಒದ್ದೆ ಬೆರಳಿನಿಂದ ಹೊರಗಿನ ಕಡೆಗೆ ಇಳಿಜಾರು ಕೊಟ್ಟೆವು. ಹಿಂಬದಿಯಾದ್ದರಿಂದ ಮುಂದಿನಿಂದ ಏನೂ ಕಾಣುವುದಿಲ್ಲ. ಆರಕ್ಕೂ ಸೇರಿ 180 ಗ್ರಾಂ ಹಿಡಿಯಿತು.

ಬರಿ ಬೀಡನ್ನು ಒಂದು ರಾತ್ರಿ ಬಿಟ್ಟರೂ ಕೆಂಪಗಾಗುತ್ತದೆ. ಇಲ್ಲಿ ಒಂದು ಪಕ್ಕಕ್ಕೆ ಹಾಗೇ ಆಯಿತು: ಸಂಜೆ ತೊಳೆದು, ‘ಬೆಳಿಗ್ಗೆ ಪ್ರೈಮರ್ ಹಾಕಿದರಾಯಿತು’ ಎಂದು ಬಿಟ್ಟದ್ದರಿಂದ ತೆಳು ಕೆಂಪು ಪುಡಿ ಹತ್ತಿ, ಮತ್ತೆ ಒದ್ದೆ ಎಮರಿ ಹಿಡಿಯಬೇಕಾಯಿತು. ಸರಿಯಾದ ಕ್ರಮ ಹೀಗೆ. ಬೆಳಿಗ್ಗೆ ತೊಳೆದು, ಬಿಸಿಲಿಗಿಟ್ಟು, ಥಿನ್ನರ್ ಬಟ್ಟೆಯಿಂದ ಒರೆಸಿ, ಮಧ್ಯಾಹ್ನದೊಳಗೆ ಮೊದಲ ಪ್ರೈಮರ್. ಜಿಂಕ್ ಫಾಸ್ಫೇಟ್ ಪ್ರೈಮರ್ ಎರಡು ಕೈ, ನಡುವೆ ಒಂದು ದಿನ. ಎಲ್ಲೆಡೆ ಸಿಗುವ ರೆಡ್ ಆಕ್ಸೈಡೂ ನಡೆಯುತ್ತದೆ, ಆದರೆ ಅದು ತುಕ್ಕಿನ ಜೊತೆ ಹೋರಾಡುವುದಿಲ್ಲ, ಮುಚ್ಚಿಡುತ್ತದಷ್ಟೇ. ಆಮೇಲೆ ಕಡುಹಸಿರು ಎನಾಮೆಲ್ ಎರಡು ಕೈ. ಪ್ರೈಮರ್ ಒಂದು ಲೀಟರಿನಲ್ಲೂ ಎನಾಮೆಲ್ ಒಂದು ಲೀಟರಿನಲ್ಲೂ ಮಿಗುತ್ತದೆ. ಕಾಲಿನ ಅಡಿಭಾಗ, ಬೋಲ್ಟಿನ ತೂತಿನ ಒಳಗೋಡೆ, ಮರ ಕೂರುವ ಮುಖ, ಈ ಮೂರಕ್ಕೆ ಜೋಡಿಸುವ ಮೊದಲೇ ಎಲ್ಲ ಕೈಗಳೂ ಬೀಳಬೇಕು. ತೂತಿನ ಒಳಗೆ ಬಣ್ಣ ಹೋಗಲು ಕಿವಿ ಸ್ವಚ್ಛಗೊಳಿಸುವ ಹತ್ತಿಕಡ್ಡಿ ಸಾಕು. ಕಿವಿ ಸೀಳಿದ್ದೇ ಆ ತೂತಿನಿಂದ.

ಈ ಕೆಲಸಕ್ಕೆ ಬೆಂಗಳೂರಿನಲ್ಲಿ ಫೆಬ್ರವರಿ-ಮಾರ್ಚ್ ಸರಿಯಾದ ಕಾಲ.

ಮರದ ಪಟ್ಟಿಗಳು

ಕೂರಲು 6, ಬೆನ್ನಿಗೆ 4, ಒಟ್ಟು 10 ಪಟ್ಟಿ. ರಂದ ಹೊಡೆದ ಮೇಲಿನ ಅಳತೆ 1,500 × 60 × 25 ಮಿ.ಮೀ., ನಡುವೆ 8 ಮಿ.ಮೀ. ಸಂದು, ಕೂರುವ ಆಳ 400 ಮಿ.ಮೀ. ಆಗುತ್ತದೆ. ಕೊಯ್ಸುವಾಗ ಎರಡೂವರೆ ಇಂಚು × ಒಂದೂಕಾಲು ಇಂಚು × ಐದಡಿ ಎಂದು ಹೇಳಿ. ಹತ್ತಕ್ಕೆ 1.1 ಘನ ಅಡಿ ಬರುತ್ತದೆ. ಹಳೆ ಮನೆ ಬಿಚ್ಚಿದ ಸಾಗುವಾನಿಯ ಜಂತೆ ಇದಕ್ಕೆ ಹೇಳಿ ಮಾಡಿಸಿದ್ದು, ಕುಗ್ಗುವುದೆಲ್ಲ ಕುಗ್ಗಿ ಮುಗಿದಿರುತ್ತದೆ. ಕೊಯ್ಸುವ ಮೊದಲು ಆಯಸ್ಕಾಂತವನ್ನು ಉದ್ದಕ್ಕೂ ಎಳೆದು ಮುರಿದ ಮೊಳೆ ಹುಡುಕಿ, ಇಲ್ಲವಾದರೆ ಮಿಲ್ಲಿನ ಬ್ಲೇಡು ಹಾಳಾಗುತ್ತದೆ. ಬಿಳಿಭಾಗ ಇರುವ ಪಟ್ಟಿ ಬೇಡ, ಗೆದ್ದಲು ಮೊದಲು ಕೈ ಹಾಕುವುದು ಅದಕ್ಕೇ. ಸಾಗುವಾನಿ ಸಿಗದಿದ್ದರೆ ಹೊನ್ನೆ ಅಥವಾ ಹೆಬ್ಬಲಸು ಆದೀತು. ಸಿಲ್ವರ್ ಓಕ್ ಬಯಲಿಗೆ ನಿಲ್ಲುವುದಿಲ್ಲ.

ಪ್ರತಿ ಪಟ್ಟಿಯ ಮೇಲಿನ ಎರಡು ಅಂಚನ್ನು 3 ಮಿ.ಮೀ. ದುಂಡಗೆ ಮಾಡಿ. ಚೂಪು ಅಂಚಿನ ಮೇಲೆ ಯಾವ ಲೇಪವೂ ನಿಲ್ಲುವುದಿಲ್ಲ. ತುದಿಗಳೇ ಮರದ ಬಾಯಿ, ನೀರು ಕುಡಿಯುವುದು ಅಲ್ಲಿ. ಎರಡೂ ತುದಿಗೆ ತೆಳು ಎಪಾಕ್ಸಿ ಎರಡು ಸಲ ಸವರಿದ್ದು. ಮೇಲ್ಮೈಗೆ ವಾರ್ನಿಷ್ ಹಾಕಲಿಲ್ಲ. ಬಯಲಿನಲ್ಲಿ ವಾರ್ನಿಷ್ ಒಡೆದು, ಒಡಕಿನೊಳಗೆ ನೀರು ಸಿಕ್ಕಿಕೊಂಡು ಮರ ಕಪ್ಪಾಗುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ಹೆಚ್ಚಾದದ್ದನ್ನು ಒರೆಸಿ ತೆಗೆದದ್ದಷ್ಟೇ. ದಪ್ಪ ಬಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯೊಂದಿಗೆ ಸೇರುವಾಗ ಬಿಸಿಯಾಗುತ್ತದೆ, ಮುದ್ದೆ ಬಟ್ಟೆ ತಾನಾಗಿ ಹೊತ್ತಿಕೊಂಡದ್ದುಂಟು. ನೀರಿನಲ್ಲಿ ಅದ್ದಿ ಹರಡಿ ಒಣಗಿಸಿ.

ಬೋಲ್ಟು: ಎಂ8 × 50 ಮಿ.ಮೀ., 304 ಸ್ಟೇನ್‌ಲೆಸ್, ದುಂಡು ತಲೆಯ ಕ್ಯಾರೇಜ್ ಬೋಲ್ಟ್ 20, ವಾಷರು 20, ನೈಲಾನ್ ನಟ್ಟು 20. ಸಾದಾ ಕಬ್ಬಿಣದ ಬೋಲ್ಟು ಹಾಕಿದರೆ ಮರದ ರಸ ಸೇರಿ ಕಪ್ಪು ಕಲೆ ಇಳಿಯುತ್ತದೆ. ಮರದ ತೂತು 9 ಮಿ.ಮೀ. ಇರಲಿ, ಮಳೆ-ಬಿಸಿಲಿಗೆ ಪಟ್ಟಿ ಹಿಗ್ಗಿ ಕುಗ್ಗಲು ಜಾಗ ಬೇಕು. ಕೈ ಎರಕದ ಎರಡು ಪಕ್ಕಗಳ ಕಿವಿಗಳು ಒಂದೇ ಸಾಲಿನಲ್ಲಿ ಇರುವುದೇ ಇಲ್ಲ. ಇಲ್ಲಿ ಮೂರನೆಯ ಕಿವಿ ಎಡಕ್ಕಿಂತ ಬಲದಲ್ಲಿ 4 ಮಿ.ಮೀ. ಮೇಲಿತ್ತು. ಹತ್ತೂ ಪಟ್ಟಿಗೆ ಒಂದೇ ಅಳತೆಯಲ್ಲಿ ಮೊದಲೇ ತೂತು ಕೊರೆಯದೆ, ಒಂದೊಂದನ್ನೂ ಜಾಗದಲ್ಲಿಟ್ಟು ಕೆಳಗಿನಿಂದ ಗುರುತು ಮಾಡಿ ಕೊರೆಯಬೇಕು. ಎಡ-ಬಲ ಎತ್ತರ ಹೊಂದಿಸಲು ನೈಲಾನ್ ವಾಷರು ಸಾಕು. ಬೋಲ್ಟನ್ನು ಎಳೆದು ಬಿಗಿ ಮಾಡಿ ಪಕ್ಕವನ್ನು ಹತ್ತಿರ ತರಲು ಹೋದರೆ ಕಿವಿ ಮುರಿಯುತ್ತದೆ.

ಐದಡಿಗೆ 25 ಮಿ.ಮೀ. ಪಟ್ಟಿ ಇಬ್ಬರು ಕೂತರೆ ಬಳುಕುತ್ತದೆ. ಸರಿಯಾಗಿ ನಡುವೆ, ಅಡಿಯಲ್ಲಿ 25 × 5 ಮಿ.ಮೀ. ಗ್ಯಾಲ್ವನೈಸ್ಡ್ ಪಟ್ಟಿಯನ್ನು ಅಡ್ಡಕ್ಕಿಟ್ಟು ಒಂದೊಂದು ಮರದ ಪಟ್ಟಿಗೂ ಒಂದು ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಆರೂ ಸೇರಿ ಭಾರ ಹಂಚಿಕೊಳ್ಳುತ್ತವೆ.

ಜೋಡಿಸಿದ ಮೇಲೆ ಮತ್ತೆ ಒಂದು ಚೊಂಬು ನೀರು. ಒಂಬತ್ತು ಜಾಗದಲ್ಲಿ ಎಂಟು ಒಣಗಿದವು. ಟೈ ರಾಡ್ ಸೇರುವ ಕಡೆ ಇನ್ನೂ ನಿಂತಿತು, ಅಲ್ಲಿಗೆ ಸಿಲಿಕೋನ್ ಸೀಲೆಂಟಿನ ಸಣ್ಣ ಇಳಿಜಾರು. ಕಾಲುಗಳು ಮಣ್ಣಿಗೆ ತಾಗದಂತೆ ಎರಡು ಕಲ್ಲು ಚಪ್ಪಡಿ, ಒಂದು ಮೀಟರಿಗೆ 2 ಸೆಂ.ಮೀ. ವಾಟದಲ್ಲಿ.

ಕಲ್ಲುಬಾನಿ

ಹೊರ ಅಳತೆ 75 × 55 × 38 ಸೆಂ.ಮೀ., ಒಳಗೆ 60 × 40 × 25. ಕಣಶಿಲೆ ಘನ ಮೀಟರಿಗೆ ಸುಮಾರು 2,650 ಕೆ.ಜಿ.; ಲೆಕ್ಕ ಹಾಕಿದರೆ ಬಾನಿಯೊಂದೇ 255 ಕೆ.ಜಿ. ಆಸುಪಾಸು, ನೀರು ಸೇರಿ 310. ಇದನ್ನು ತಾರಸಿಯ ಮೇಲೆ ಇಡುವ ಆಸೆ ಇದ್ದರೆ ಬಿಡಿ. ಓಡಾಡುವ ತಾರಸಿಗೆ ನಮ್ಮ ಮಾನಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ., ಈ ಬಾನಿ ತಾನು ಕೂತ ಜಾಗಕ್ಕೆ ಅದರ ಐದು ಪಟ್ಟು ಒತ್ತುತ್ತದೆ. ಹಳೆ ಮದ್ರಾಸ್ ತಾರಸಿಯ ಜಂತೆಗಳ ಮೇಲಂತೂ ಯೋಚಿಸಲೇಬೇಡಿ. ನೆಲದಲ್ಲಿ ಸಾಗಿಸಲು ಒಂದೂವರೆ ಇಂಚಿನ ನಾಲ್ಕು ಜಿಐ ಪೈಪು, ಎರಡು ಹಲಗೆ, ಎರಡು ಹಾರೆ, ನಾಲ್ಕು ಜನ. ಇಳಿಸುವ ಕಡೆ ಹಳೆ ಟೈರು. ಅಂಚನ್ನು ನೇರ ನೆಲಕ್ಕೆ ಊರಿದರೆ ಸಿಡಿಯುತ್ತದೆ.

ಕಾಂಕ್ರೀಟಿನಲ್ಲಿ ಎರಕ ಹೊಯ್ದು ಬಣ್ಣ ಕೊಟ್ಟ ಬಾನಿಗಳೂ ಮಾರಾಟಕ್ಕಿವೆ. ಒಳಗೋಡೆಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಚಾಣದ ಏಟುಗಳ ಸಾಲು ಕಂಡರೆ ಕಲ್ಲು, ಗಾಳಿಗುಳ್ಳೆಯ ಗುಂಡು ತೂತು ಕಂಡರೆ ಕಾಂಕ್ರೀಟು.

ಸೋರಿಕೆ ಅಳೆಯಲು ಬಾನಿ ಒಂದೇ ಸಾಲದು, ಬಿಸಿಲಿಗೆ ಆವಿಯಾಗುವುದೂ ಸೇರಿಕೊಳ್ಳುತ್ತದೆ. ಪಕ್ಕದಲ್ಲೇ ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನಲ್ಲೂ ನೀರಿಟ್ಟು, ಎರಡರಲ್ಲೂ ಮಟ್ಟ ಗುರುತು ಮಾಡಿ 24 ಗಂಟೆ ಬಿಟ್ಟೆವು. ಬಾನಿಯಲ್ಲಿ 31 ಮಿ.ಮೀ. ಇಳಿದಿತ್ತು, ಟಬ್ಬಿನಲ್ಲಿ 5. ಅಂದರೆ ನಿಜವಾದ ಸೋರಿಕೆ 26 ಮಿ.ಮೀ., ದಿನಕ್ಕೆ ಆರು ಲೀಟರಿಗೂ ಸ್ವಲ್ಪ ಹೆಚ್ಚು.

ಮೊದಲ ದುರಸ್ತಿ ನಿಲ್ಲಲಿಲ್ಲ. ಒಂದು ದಿನ ಒಣಗಿಸಿ ಬಿರುಕಿನ ಮೇಲೆ ಬಳಿದ ಎಪಾಕ್ಸಿ ಒಂಬತ್ತನೇ ದಿನಕ್ಕೆ ಹಾಲಿನ ಕೆನೆಯಂತೆ ಸುಲಿದು ಬಂತು. ಎರಡು ತಪ್ಪು: ಬಿರುಕಿನ ಆಳದಲ್ಲಿ ಇನ್ನೂ ತೇವ ಇತ್ತು, ಮತ್ತು ಲೇಪಕ್ಕೆ ಹಿಡಿಯಲು ಹಲ್ಲಿರಲಿಲ್ಲ. ಎರಡನೇ ಸಲ ಡೈಮಂಡ್ ಬ್ಲೇಡಿನಿಂದ ಒಳಬದಿಯಲ್ಲಿ ಮಾತ್ರ 4 ಮಿ.ಮೀ. ಅಗಲ, 5 ಮಿ.ಮೀ. ಆಳದ ಗಾಡಿ ತೆಗೆದು (ಹೊರಮುಖವನ್ನು ಮುಟ್ಟಲಿಲ್ಲ), ನಾಲ್ಕು ದಿನ ಬಿಸಿಲಿಗೆ ಮಗುಚಿಟ್ಟು, ಕೊನೆಗೆ ಕೂದಲೊಣಗಿಸುವ ಡ್ರೈಯರ್ ಹಿಡಿದದ್ದು. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನೇ ಬಳಸಿ. ಐದು ನಿಮಿಷದ ಬಗೆ ನೀರಿನೊಳಗೆ ಬಾಳುವುದಿಲ್ಲ. ಮೊದಲು ಬರಿ ಎಪಾಕ್ಸಿ ತೆಳುವಾಗಿ ಗಾಡಿಯೊಳಗೆ, ಅದು ಅಂಟಂಟಾಗಿರುವಾಗಲೇ ಕಲ್ಲಿನ ಪುಡಿ ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದದ್ದನ್ನು ತುಂಬಿ ಒತ್ತಿ. ಪುಡಿ ಗಾಡಿ ಕೊಯ್ದಾಗ ಬಂದದ್ದೇ, ಬಣ್ಣ ಹೊಂದುತ್ತದೆ. ಏಳು ದಿನ ಬಿಟ್ಟು ಮತ್ತೆ ಟಬ್ಬಿನ ಪರೀಕ್ಷೆ ಮಾಡಿದಾಗ ಎರಡರಲ್ಲೂ 6 ಮಿ.ಮೀ. ಇಳಿದಿತ್ತು. ನೀರನ್ನು ಎರಡು ಸಲ ತುಂಬಿ ಚೆಲ್ಲಿದ ನಂತರವೇ ಮೀನು.

ಒಳಗೋಡೆಯ ಹಳೆ ಕಪ್ಪನ್ನು ಆಸಿಡ್ ಹಾಕಿ ಬೆಳ್ಳಗೆ ಮಾಡಬೇಡಿ. ತೆಂಗಿನ ನಾರಿನಲ್ಲಿ ಉಜ್ಜಿ ಬಿಟ್ಟರೆ ಸಾಕು. ದನಗಳ ಗಂಗೆದೊಗಲು ಉಜ್ಜಿ ಉಜ್ಜಿ ನುಣುಪಾದ ಅಂಚು ಅದು, ಯಾವ ಪಾಲಿಷ್ ಯಂತ್ರಕ್ಕೂ ಹಾಗೆ ಬರುವುದಿಲ್ಲ.

ಈ ಆಳಕ್ಕೆ ಕಮಲ ಬೇಡ, ಅದಕ್ಕೆ ಜಾಗ ಸಾಲದು. ಸಣ್ಣ ಜಾತಿಯ ನೈದಿಲೆ ಒಂದೇ ಒಂದು ಗಡ್ಡೆ. 20 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಮಣ್ಣಿನ ಕುಂಡ, ಅದಕ್ಕೆ ಕೆರೆಗೋಡು ಅಥವಾ ಜಿಗುಟು ತೋಟದ ಮಣ್ಣು ಮಾತ್ರ. ಕೋಕೋಪೀಟ್, ಗೊಬ್ಬರ ಬೆರೆಸಿದ ಮಣ್ಣು ಹಾಕಿದರೆ ತೇಲುತ್ತದೆ, ಕೊಳೆತು ನಾರುತ್ತದೆ. ಮೇಲೆ ಎರಡು ಬೆರಳು ಜಲ್ಲಿ. ಕುಂಡದ ಮೇಲೆ 12 ಸೆಂ.ಮೀ. ನೀರು ನಿಲ್ಲಲಿ, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಲಿ. ಮೊದಲ ಎರಡು ಮೂರು ವಾರ ನೀರು ಹಸಿರಾಗುತ್ತದೆ. ಗಾಬರಿಯಾಗಿ ನೀರು ಬದಲಿಸಿದಷ್ಟೂ ಪಾಚಿಗೆ ಹೊಸ ಊಟ ಕೊಟ್ಟಂತೆ. ಎಲೆಗಳು ಮುಕ್ಕಾಲು ಭಾಗ ನೀರನ್ನು ಮುಚ್ಚಿದ ಮೇಲೆ ತಾನೇ ತಿಳಿಯಾಗುತ್ತದೆ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದೂವರೆ ವಾರವೂ ಬೇಕಿಲ್ಲ, ಹಾಗಾಗಿ ಆರು ಗಪ್ಪಿ ಮೀನುಗಳನ್ನು ಮೊದಲ ವಾರದಲ್ಲೇ ಬಿಡಬೇಕು. ಮರಿ ಹೆಚ್ಚಾದರೆ ಕೆರೆಗೆ ಬಿಡಬೇಡಿ, ಇನ್ನೊಬ್ಬರ ಬಾನಿಗೆ ಕೊಡಿ.

ತಗಡಿನ ಕ್ಯಾನು

ಇದು ಒಂದು ಗಂಟೆಯ ಕೆಲಸ. ಬುಡದ ಮಡಿಕೆಯಲ್ಲಿ ಎರಡು ಸೂಜಿ ತೂತು. ಸತುವಿನ ತಗಡನ್ನು ವೆಲ್ಡ್ ಮಾಡಿಸಬೇಡಿ. ಸುಟ್ಟ ಸತುವಿನ ಬಿಳಿ ಹೊಗೆ ಉಸಿರಿಗೆ ಹೋದರೆ ರಾತ್ರಿ ಚಳಿಜ್ವರ ಬರುತ್ತದೆ. ಎಮರಿಯಿಂದ ಉಜ್ಜಿ, ಜಿಂಕ್ ಕ್ಲೋರೈಡ್ ಫ್ಲಕ್ಸ್ ಸವರಿ, 100 ವ್ಯಾಟಿನ ಸಾಲ್ಡರಿಂಗ್ ಐರನ್ನಿನಿಂದ ಸೀಸವಿಲ್ಲದ ತವರದ ಬೆಸುಗೆ ಹಾಕಿ. ತವರದ ಕಡ್ಡಿಯನ್ನು ಐರನ್ನಿಗೆ ತಾಗಿಸದೆ ಬಿಸಿಯಾದ ತಗಡಿಗೇ ತಾಗಿಸಿ ಕರಗಿಸಬೇಕು, ಹಾಗಾದರೆ ಮಾತ್ರ ಮಡಿಕೆಯೊಳಗೆ ಇಳಿಯುತ್ತದೆ. ಮುಗಿದ ಮೇಲೆ ಸೋಡಾ ನೀರಿನಲ್ಲಿ ತೊಳೆಯದಿದ್ದರೆ ಉಳಿದ ಫ್ಲಕ್ಸೇ ಮುಂದಿನ ತೂತು ಕೊರೆಯುತ್ತದೆ. ಬಳಸಿದ ಮೇಲೆ ಕ್ಯಾನನ್ನು ಬೋರಲು ಹಾಕಿಡಿ. ಇದರ ಬುಡ ತೂತಾದದ್ದು ತಳದಲ್ಲಿ ಸದಾ ಉಳಿಯುತ್ತಿದ್ದ ಅರ್ಧ ಬೆರಳು ನೀರಿನಿಂದ.

ಪ್ರತಿ ವರ್ಷ ಮೇ ಮೊದಲ ವಾರ, ಮುಂಗಾರಿಗೆ ಮುಂಚೆ: ಬೆಂಚಿನ ಇಪ್ಪತ್ತು ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ ನೋಡುವುದು, ಸಡಿಲವಿದ್ದರೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಬಣ್ಣ ಸಿಡಿದ ಕಡೆ ಅಂದೇ ಪ್ರೈಮರ್ ಚುಕ್ಕೆ. ಪಟ್ಟಿಗಳ ತುದಿಗೆ ಎಪಾಕ್ಸಿ ಇದೆಯೇ ಎಂದು ಉಗುರಿನಿಂದ ಕೆರೆದು ನೋಡುವುದು. ಬಾನಿಯಿಂದ ನೈದಿಲೆ ಕುಂಡ ಎತ್ತಿ ಗಡ್ಡೆ ಬೇರ್ಪಡಿಸಿ, ತಳದ ಕೆಸರು ಅರ್ಧದಷ್ಟು ತೆಗೆದು, ಹಳೆ ನೀರನ್ನೇ ಮತ್ತೆ ಸುರಿಯುವುದು. ಆಮೇಲೆ ಬೆಂಚಿನ ಬೆನ್ನಿನ ಮೇಲಿಂದ ಒಂದು ಚೊಂಬು ನೀರು, ಕೈಯಲ್ಲಿ ಸೀಮೆಸುಣ್ಣ.